ಕೋತಿ ತುದಿಯಲ್ಲಿ ಬಿಟ್ಟ ಚಪ್ಪಲಿ

ನಮ್ಮ ಮನೆಯವರಿಗೆ ಜಪಾನೀ ಭಾಷೆ ಬರುವುದಿಲ್ಲ ಎಂದು ಯಾರಾದರೂ ಅಂದರೆ ಅವರಿಗೆ ಕೆಟ್ಟ ಕೋಪ ಬರುತ್ತದೆ. ಬರುವುದಿಲ್ಲ ಎನ್ನುವುದು ಸುಳ್ಳು, ನಾನೂ ಒಪ್ಪುತ್ತೇನೆ. ಒಂದು ಪದ ಬಹಳ ಚೆನ್ನಾಗಿ ಬರುತ್ತದೆ. 'ಹೈ'. ಹೌದು ಎಂದು ಅರ್ಥ. ಕೊಂಬಿನಿ ಎಂಬ, ಹಗಲೂ ರಾತ್ರಿ ತೆರೆದಿರುವ ಅಂಗಡಿಯ ಹುಡುಗಿ ಚೀಲ ಬೇಕೇ ಎಂದರೆ ಹೈ, ಬಿಸಿ ಮಾಡಿಕೊಡಲೇ ಎಂದರೆ ಹೈ. ಹೀಗೆ ಒಮ್ಮೆ ಸೌತೆಕಾಯಿ ಸಲಾಡನ್ನು ಬಿಸಿ ಮಾಡಿಸಿಕೊಂಡು ಬಂದು, ಟೋಕಿಯೋದ ಫುನಾಬೊರಿಯ ನಮ್ಮ ಮನೆಯಲ್ಲಿ ನನ್ನ ಕಡೆ ಬೆನ್ನು ಮಾಡಿ ಕೂತು ಪೂರ್ತಿ ತಿಂದರು. ಹೈ ಅಂದದ್ದರ ಫಲ ಅಷ್ಟಕ್ಕೇ ನಿಂತಿದ್ದರೆ ನಾನು ಈ ಕಥೆ ಹೇಳಬೇಕಾಗಿರಲಿಲ್ಲ.

ಅವರ ಹೆಸರು ಭೀಮಸೇನ. ಹೆಸರು ಕೇಳಿ ಗಾಬರಿಯಾಗಬೇಡಿ, ತೂಕ ಐವತ್ತೆರಡು ಕೆಜಿ. ಆಫೀಸಿನಲ್ಲಿ ಭೀಮಾ-ಸಾನ್ ಎನ್ನುತ್ತಾರೆ, ಸಾನ್ ಎಂದರೆ ನಮ್ಮ 'ಅವರು' ಇದ್ದ ಹಾಗೆ.

ಆ ವರ್ಷ ನಮ್ಮ ಮನೆಯಲ್ಲಿ ಇದ್ದದ್ದು ಒಂದೇ ಚಿಂತೆ. ಮಹಾಭೂಕಂಪದ ಮರುವರ್ಷ, ಇದ್ದಬದ್ದ ವಿದೇಶದವರೆಲ್ಲ ಟೋಕಿಯೋ ಬಿಟ್ಟು ಹೊರಟಿದ್ದಾಗ, ಐದು ವರ್ಷದ ಮಗಳು ಅಮೂಲ್ಯಳ ಕೈ ಹಿಡಿದುಕೊಂಡು ಮೈಸೂರಿನಿಂದ ಬಂದಿಳಿದವರು ನಾವು. ಈಗ ಅವಳು ಆರನೇ ಕ್ಲಾಸು, ಇಲ್ಲಿಯ ಪ್ರೈಮರಿ ಶಾಲೆಯ ಕೊನೆಯ ವರ್ಷ. ಮಾರ್ಚಿಗೆ ಶಾಲೆ ಮುಗಿಸುವ ಸಮಾರಂಭ. ಅದರಲ್ಲಿ ಪಿಯಾನೋ ನುಡಿಸುವವಳು ಇವಳೇ ಎಂದು ಟೀಚರು ಏಪ್ರಿಲ್‌ನಲ್ಲೇ ಹೇಳಿಬಿಟ್ಟಿದ್ದರು. ಆದರೆ ಇವರ ಕಾಂಟ್ರಾಕ್ಟ್ ಜೂನ್ ಕೊನೆಗೆ ಮುಗಿಯುತ್ತಿತ್ತು. ಮುಂದುವರಿಸುವುದೋ, ಬೆಂಗಳೂರಿಗೆ ವಾಪಸ್ ಕಳಿಸುವುದೋ, ಅದು ಇವರ ವಿಭಾಗದ ಮುಖ್ಯಸ್ಥ ಹಸೆಗಾವಾ-ಸಾನ್ ಕೈಯಲ್ಲಿತ್ತು.

"ನಾನಂತೂ ಬರಲ್ಲ. ಯೂ ಗೈಸ್ ಗೋ," ಎಂದು ಅಮೂಲ್ಯ ಒಂದೇ ಮಾತು ಹೇಳಿ ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡಿದ್ದಳು.

ಹೀಗಿರುವಾಗ ಒಂದು ಸಂಜೆ ಇವರು ಎದೆ ಉಬ್ಬಿಸಿಕೊಂಡು ಮನೆಗೆ ಬಂದರು.

"ಕೋಕಿಲಾ, ಆಫೀಸಲ್ಲಿ ನಂಗೇನೋ ದೊಡ್ಡ ಜವಾಬ್ದಾರಿ ಕೊಟ್ಟಿದಾರೆ ಕಣೇ. ಎಲ್ರೂ ಎದ್ದು ನಿಂತು ಚಪ್ಪಾಳೆ ತಟ್ಟಿದ್ರು."

"ಹೌದಾ! ಏನ್ರೀ ಜವಾಬ್ದಾರಿ?"

"ಅದೇ ಗೊತ್ತಾಗ್ಲಿಲ್ಲ."

ರಾತ್ರಿ ಊಟದ ಹೊತ್ತಿಗೆ ಹಸೆಗಾವಾ-ಸಾನ್ ಅವರ ಇಮೇಲ್ ಬಂತು. ಅಮೂಲ್ಯ ಚಪಾತಿ ಅಗಿಯುತ್ತಾ ಅದನ್ನು ಓದಿ ಅರ್ಥ ಹೇಳಿದಳು. ಇಲ್ಲಿಯ ಕಂಪನಿಗಳಲ್ಲಿ ವರ್ಷಕ್ಕೊಮ್ಮೆ ಎಲ್ಲರೂ ಸೇರಿ ಪ್ರವಾಸ ಹೋಗುವ ಪದ್ಧತಿ ಉಂಟು. ಈ ಸಲದ ಪ್ರವಾಸ ವಿಯೆಟ್ನಾಮಿನ ಹೋಯ್ ಆನ್ ಎಂಬ ಹಳೆಯ ಬಂದರು ಪಟ್ಟಣಕ್ಕೆ. ನಾಲ್ಕು ನೂರು ವರ್ಷದ ಹಿಂದೆ ವ್ಯಾಪಾರಕ್ಕೆ ಹೋದ ಜಪಾನೀಯರು ಅಲ್ಲೊಂದು ಚಾವಣಿ ಇರುವ ಸೇತುವೆ ಕಟ್ಟಿದ್ದಾರಂತೆ. ಹಸೆಗಾವಾ-ಸಾನ್ ಚಿಕ್ಕಂದಿನಿಂದ ಅದರ ಚಿತ್ರ ನೋಡಿಕೊಂಡು ಬೆಳೆದವರಂತೆ. ಆ ಊರನ್ನು ಚೆನ್ನಾಗಿ ಬಲ್ಲ ಭೀಮಾ-ಸಾನ್ ನಮಗೆಲ್ಲ ದಾರಿ ತೋರಿಸಲು ಒಪ್ಪಿದ್ದು ನಮ್ಮ ಭಾಗ್ಯ, ಅವರ ಶ್ರೀಮತಿಯವರೂ ಖಂಡಿತ ಬರಬೇಕು, ಎಂದು ಬರೆದಿತ್ತು.

"ಅಪ್ಪಾ, ಯೂ ಆರ್ ದ ಗೈಡ್," ಎಂದಳು ಮಗಳು.

ಇವರ ಕೈಯಲ್ಲಿದ್ದ ತುತ್ತು ಸಾರಿನ ಬಟ್ಟಲಿಗೆ ಬಿತ್ತು. ವಿಚಾರಿಸಿದರೆ ಆದದ್ದು ಇಷ್ಟು. ಹಿಂದೆಂದೋ ವಿಯೆಟ್ನಾಮಿಗೆ ಹೋಗಿದ್ದಿರಲ್ಲವೇ ಎಂದು ಹಸೆಗಾವಾ-ಸಾನ್ ಕೇಳಿದ್ದಾರೆ. ಹೈ. ಅದು ನಿಜವೇ, ಹನೋಯ್‌ನಲ್ಲಿ ಮೂರು ದಿನ ಸರ್ವರ್ ರೂಮಿನಲ್ಲಿ ಕೂತು, ಕಿಟಕಿ ಸಹ ನೋಡದೆ ಬಂದಿದ್ದರು. ಹೋಯ್ ಆನ್ ಗೊತ್ತೇ? ಹೈ. ಸೇತುವೆ ನೋಡಿದ್ದೀರಾ? ಹೈ. ನಮಗೆ ತೋರಿಸುತ್ತೀರಾ? ಹೈ. ಚಪ್ಪಾಳೆ.

"ನಾಳೆ ಹೋಗಿ ನಿಜ ಹೇಳ್ಬಿಡಿ," ಎಂದೆ.

"ಜೂನ್ ಎದುರಿಗಿಟ್ಕೊಂಡು? ಆರು ವರ್ಷದಿಂದ ನೀವು ಹೇಳೋದು ನಂಗೆ ಅರ್ಧ ಅರ್ಥ ಆಗಲ್ಲ ಅಂತ ಒಪ್ಕೊಂಡ್ರೆ, ಸಂಜೆ ಫ್ಲೈಟಿಗೇ ಹತ್ತಿಸ್ತಾರೆ. ಯೂಟ್ಯೂಬ್ ಇದೆ ಬಿಡೇ. ಒಂದು ತಿಂಗಳಲ್ಲಿ ಆ ಊರು ಅರೆದು ಕುಡಿದುಬಿಡ್ತೀನಿ."

ಆ ತಿಂಗಳು ನಮ್ಮ ಎರಡು ರೂಮಿನ ಮನೆ ಹೋಯ್ ಆನ್ ಆಯಿತು. ಬಾಲ್ಕನಿ ನದಿ, ಬಚ್ಚಲು ಚೀನೀ ವ್ಯಾಪಾರಿಗಳ ಸಭಾಭವನ, ಅಡುಗೆಮನೆ ಇನ್ನೂರು ವರ್ಷದ ಹಳೇ ಮನೆ. ಫ್ರಿಜ್ಜಿಗೂ ವಾಷಿಂಗ್ ಮಷೀನಿಗೂ ನಡುವಿನ ಕಿರುಜಾಗ ಸೇತುವೆ. ಆ ಸೇತುವೆಯ ಒಂದು ತುದಿಯಲ್ಲಿ ಕಲ್ಲಿನ ಕೋತಿಗಳು, ಇನ್ನೊಂದು ತುದಿಯಲ್ಲಿ ನಾಯಿಗಳು, ನಡುವೆ ಪುಟ್ಟದೊಂದು ಗುಡಿ. ನಾನು ಸೊಪ್ಪು ತೆಗೆಯಲು ಫ್ರಿಜ್ಜಿನ ಕಡೆ ಹೋದರೆ, "ಕೋತಿ ಕಡೆಯಿಂದ ಬಾ, ನಾಯಿ ಕಡೆಯಿಂದ ಹೋಗು," ಎಂದು ಗದರುತ್ತಿದ್ದರು. ನಿದ್ದೆಯಲ್ಲೂ ಬಡಬಡಿಸತೊಡಗಿದರು. 

ಸುದ್ದಿ ಮೇಲಿನ ಮನೆಯ ಕಮಲಕ್ಕನಿಗೆ ಗೊತ್ತಾಯಿತು ಎಂದರೆ ಫುನಾಬೊರಿಯ ಕನ್ನಡದವರಿಗೆಲ್ಲ ಗೊತ್ತಾಯಿತು ಎಂದೇ ಲೆಕ್ಕ. ನಾವು ಬರುವವರೆಗೆ ಅಮೂಲ್ಯಳನ್ನು ನೋಡಿಕೊಳ್ಳಲು ಅವರು ತಾವಾಗಿಯೇ ಒಪ್ಪಿದರು. ಒಪ್ಪಿದ ಮೇಲೆ ಒಂದು ಪ್ಲಾಸ್ಟಿಕ್ ಕವರು ಕೊಟ್ಟರು. ಒಳಗೆ ಗಿಳಿಹಸಿರು ಬಣ್ಣದ ರವಿಕೆ.

"ಆ ಊರಲ್ಲಿ ಬೆಳಿಗ್ಗೆ ಅಳತೆ ಕೊಟ್ರೆ ಸಂಜೆ ಹೊಲ್ದು ಕೊಡ್ತಾರಂತಲ್ಲ ಕೋಕಿಲಾ? ಇದು ಅಳತೆ ರವಿಕೆ. ಇದರ ಹಾಗೇ ನಾಲ್ಕು ಹೊಲಿಸ್ಕೊಂಡ್ ಬಾಮ್ಮ. ತೋಳು ಮಾತ್ರ ಸ್ವಲ್ಪ ಸಡಿಲ ಇರ್ಲಿ. ಭೀಮಸೇನ ಅವರಿಗೆ ಹೇಗೂ ಅಲ್ಲಿ ಎಲ್ಲಾ ಗೊತ್ತಲ್ಲ!"

"ಗೊತ್ತು ಗೊತ್ತು," ಎಂದರು ನಮ್ಮವರು, ಸೋಫಾದ ಮೇಲಿಂದ.

ಮೇ ತಿಂಗಳಲ್ಲಿ ಹೊರಟೆವು. ನಮ್ಮಿಬ್ಬರನ್ನು ಬಿಟ್ಟು ಹನ್ನೆರಡು ಜನ. ಗೈಡಿನ ಕೈಯಲ್ಲಿ ಬಾವುಟ ಇರಬೇಕು, ಉಳಿದವರು ಅದನ್ನೇ ನೋಡಿಕೊಂಡು ಸಾಲಾಗಿ ಬರಬೇಕು, ಇದು ಜಪಾನಿನ ಪ್ರವಾಸದ ಶಿಸ್ತು. ಇವರು ಕೆಂಪು ಬಾವುಟ ಕೊಂಡಿದ್ದರು. ಅದನ್ನು ವಿಮಾನದಲ್ಲಿ ಸೀಟಿನ ಮೇಲಿನ ಗೂಡಿನಲ್ಲಿ ಬಿಟ್ಟರು. ಮರುದಿನ ಬೆಳಿಗ್ಗೆ ಹೋಟೆಲಿನ ಮುಂದೆ ಎಲ್ಲರೂ ಟೋಪಿ ಹಾಕಿಕೊಂಡು ಸಾಲಾಗಿ ನಿಂತ ಮೇಲೆ ಅದು ನೆನಪಾಯಿತು. ಇವರ ಮುಖ ಬಿಳಿಚಿಕೊಂಡಿತು. ನಾನು ಕೈಚೀಲದಲ್ಲಿ ಕರವಸ್ತ್ರ ಹುಡುಕುವಷ್ಟರಲ್ಲಿ ಇವರು ಕೈಗೆ ಸಿಕ್ಕ ಕವರು ಕಿತ್ತು, ಕಮಲಕ್ಕನ ರವಿಕೆ ತೆಗೆದು, ನನ್ನ ಛತ್ರಿಯ ತುದಿಗೆ ಕಟ್ಟಿ ಎತ್ತಿ ಹಿಡಿದರು.

"ರೀ! ಅದು ಕಮಲಕ್ಕಂದು!"

"ಸುಮ್ನಿರೇ, ದೂರಕ್ಕೆ ಚೆನ್ನಾಗಿ ಕಾಣ್ಸುತ್ತೆ."

ಕಾಣಿಸಿತು. ತೋಳುಗಳೆರಡೂ ಗಾಳಿಗೆ ಹಾರಾಡುತ್ತಾ, ಕಮಲಕ್ಕನ ರವಿಕೆ ಆ ಹಳದಿ ಗೋಡೆಗಳ ಊರಿನ ಬೀದಿಯಲ್ಲಿ ಮುಂದೆ ಮುಂದೆ ಹೋಯಿತು. ಹಿಂದೆ ಹನ್ನೆರಡು ಜನ ಜಪಾನೀಯರು ಗಂಭೀರವಾಗಿ ನಡೆದರು. ಭಾರತದ ಯಾವುದೋ ರಾಜ್ಯದ ಧ್ವಜವಿರಬೇಕು ಎಂದು ಮಿಉರಾ-ಸಾನ್ ಎಂಬ ಹುಡುಗಿ ಪಕ್ಕದವಳಿಗೆ ಪಿಸುಗುಟ್ಟಿದಳು. ದರ್ಜಿಗಳ ಅಂಗಡಿಯಿಂದ ಒಬ್ಬಳು ಟೇಪು ಹಿಡಿದು ಓಡಿಬಂದು ರವಿಕೆ ತೋರಿಸಿ, "ಸೇಮ್? ಸೇಮ್? ಟುಮಾರೋ!" ಎಂದಳು. ನಮ್ಮವರು ಅವಳಿಗೂ ಹೈ ಅಂದರು.

ನಿಜ ಹೇಳಬೇಕೆಂದರೆ ಮೊದಲ ಎರಡು ತಾಣ ಇವರು ಚೆನ್ನಾಗಿಯೇ ತೋರಿಸಿದರು. ಒಂದು ಹಳೆಯ ವ್ಯಾಪಾರಿಯ ಮನೆಯಲ್ಲಿ ಹಲಸಿನ ಮರದ ಕಂಬಗಳು, ನಡುವೆ ಬಿಸಿಲು ಬೀಳುವ ತೊಟ್ಟಿ. ನೆರೆ ಬಂದಾಗ ಸಾಮಾನನ್ನು ಅಟ್ಟಕ್ಕೆ ಎಳೆಯಲು ಮಾಡಿದ ಕಿಂಡಿ ಇತ್ತು. ಯಾವ ವರ್ಷ ನೀರು ಎಲ್ಲಿಯವರೆಗೆ ಬಂದಿತ್ತು ಎಂದು ಗೋಡೆಯ ಮೇಲೆ ಗುರುತು ಹಾಕಿದ್ದರು, ಒಂದು ನನ್ನ ತಲೆಗಿಂತ ಮೇಲಿತ್ತು. ಅಲ್ಲಿ ಆ ಹನ್ನೆರಡು ಜನರೂ ಮಾತು ನಿಲ್ಲಿಸಿದರು. ಹಸೆಗಾವಾ-ಸಾನ್ ಆ ಗುರುತಿನ ಮೇಲೆ ಒಂದು ಸಲ ಕೈಯಿಟ್ಟು, ತಲೆಬಾಗಿ ಮುಂದೆ ಹೋದರು. ಭೂಕಂಪದ ದಿನದ ಸುನಾಮಿ ಕಂಡವರು, ನೀರು ಎಂದರೆ ಏನೆಂದು ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ನಮ್ಮವರು ಕೂಡ, ದೇವರು ಒಳ್ಳೆಯ ಬುದ್ಧಿ ಕೊಟ್ಟು, ಬಾಯಿ ಮುಚ್ಚಿಕೊಂಡಿದ್ದರು.

ಆಮೇಲೆ ಬಂತು ಸೇತುವೆ.

ಹಸೆಗಾವಾ-ಸಾನ್ ಟೋಪಿ ತೆಗೆದು ನಿಂತುಬಿಟ್ಟರು. ಅವರ ಕಣ್ಣು ಒದ್ದೆಯಾದದ್ದನ್ನು ನಾನೇ ನೋಡಿದೆ. ಇವರಿಗೂ ಅದು ಕಂಡು ಇನ್ನಷ್ಟು ಗಾಬರಿಯಾಯಿತು. ಬಾಯಿಪಾಠ ಮಾಡಿದ ಭಾಷಣ ಮರೆತುಹೋಗದಿರಲಿ ಎಂದು ತುಟಿ ಅಲ್ಲಾಡಿಸುತ್ತಾ ಕೋತಿಗಳ ಪಕ್ಕ ನಿಂತರು. ಒಳಗೆ ಗುಡಿಯಿದೆ. ಗುಡಿ ಎಂದ ಮೇಲೆ ನಮ್ಮ ಕಾಲಿಗೆ ಬೇರೆ ಬುದ್ಧಿ ಹೇಳಬೇಕೇ? ಇವರ ಕಾಲು ತಾನಾಗಿ ಶೂ ಕಳಚಿತು. ನಾನೂ ಯೋಚಿಸದೆ ಚಪ್ಪಲಿ ಬಿಟ್ಟೆ.

ಅಲ್ಲಿ ಯಾರೂ ಚಪ್ಪಲಿ ಬಿಡುವ ಪದ್ಧತಿಯೇ ಇಲ್ಲ. ಅದು ಊರಿನವರು ದಿನಾ ದಾಟುವ ಸೇತುವೆ, ಕೋಳಿ ಹಿಡಿದುಕೊಂಡೂ ದಾಟುತ್ತಾರೆ. ಅದು ಯೂಟ್ಯೂಬಿನಲ್ಲಿ ಕಾಣುವುದಿಲ್ಲ, ಅಲ್ಲಿ ಎಲ್ಲರೂ ಚಾವಣಿಯನ್ನೇ ತೋರಿಸುತ್ತಾರೆ.

ಗೈಡು ಶೂ ಬಿಟ್ಟದ್ದನ್ನು ಕಂಡು ಹಸೆಗಾವಾ-ಸಾನ್ ಬಿಟ್ಟರು. ಅವರು ಬಿಟ್ಟದ್ದನ್ನು ಕಂಡು ಹನ್ನೊಂದು ಜನ ಬಿಟ್ಟರು. ಜಪಾನೀಯರು ಶೂ ಬಿಟ್ಟರೆ ನಮ್ಮ ಹಾಗೆ ಒದ್ದು ಬಿಸಾಡುವುದಿಲ್ಲ. ಬಗ್ಗಿ, ತಿರುಗಿಸಿ, ಮೂತಿ ಹೊರಗೆ ಮಾಡಿ, ನೂಲು ಹಿಡಿದ ಹಾಗೆ ಸಾಲಾಗಿಡುತ್ತಾರೆ. ಮಿಉರಾ-ಸಾನ್ ನನ್ನ ಹವಾಯಿ ಚಪ್ಪಲಿಯನ್ನೂ ಸಾಲಿಗೆ ಸೇರಿಸಿದಳು. ಎಲ್ಲರೂ ಕಾಲುಚೀಲವನ್ನೂ ಕಳಚಿ ಅಚ್ಚುಕಟ್ಟಾಗಿ ಮಡಿಚಿ ಶೂ ಒಳಗಿಟ್ಟರು. ಅಷ್ಟರಲ್ಲಿ ಹಿಂದೆ ಬಂದ ಕೊರಿಯಾದ ಗುಂಪು ಈ ಸಾಲನ್ನು ನೋಡಿ ತಾವೂ ಬಿಟ್ಟಿತು. ಅವರ ಹಿಂದೆ ಒಬ್ಬ ದಪ್ಪ ಫ್ರೆಂಚ್ ಗಂಡಸು, ಅವನ ಹೆಂಡತಿ. ನಾನು ತಿರುಗಿ ನೋಡಿದಾಗ ಬೀದಿಯ ಅರ್ಧಕ್ಕೆ ಶೂ ಮುಟ್ಟಿತ್ತು.

ಭಾಷಣ ಅದ್ಭುತವಾಗಿ ಆಯಿತು. ಆದದ್ದೇ ತಪ್ಪಾಯಿತು. ಮುಗಿಸಿದ ಖುಷಿಯಲ್ಲಿ ಇವರು ರವಿಕೆ ಎತ್ತಿ ಹಿಡಿದು ನಾಯಿ ತುದಿಯಿಂದ ಇಳಿದು ನಡೆದೇಬಿಟ್ಟರು, ಥೇಟು ನಮ್ಮ ವಾಷಿಂಗ್ ಮಷೀನ್ ದಾಟಿದ ಹಾಗೆ. ಹಿಂದೆ ಹನ್ನೆರಡು ಜನ ಬರಿಗಾಲಲ್ಲಿ.

ಮೇ ತಿಂಗಳ ಬಿಸಿಲು. ಕಲ್ಲುಹಾಸು ಕಾದ ಹೆಂಚು. ಜಪಾನೀಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು, ಆದರೆ ಬಾಯಿ ಬಿಡಲಿಲ್ಲ. ಗೈಡು ಬರಿಗಾಲಲ್ಲಿ ಹೋಗುತ್ತಿದ್ದಾನೆಂದರೆ ಈ ಬೀದಿಯೂ ಪವಿತ್ರವೇ ಇರಬೇಕು. ಪ್ರಶ್ನೆ ಕೇಳಿ ಅವನನ್ನು ಮುಜುಗರಕ್ಕೆ ಸಿಕ್ಕಿಸುವುದುಂಟೇ? ಕೊನೆಗೆ ಹಸೆಗಾವಾ-ಸಾನ್ ಒಂದು ಕಾಲು ಎತ್ತಿ ಇನ್ನೊಂದು ಕಾಲು ಇಡುತ್ತಾ ಮುಂದೆ ಬಂದು, ಮೊದಲು ಕ್ಷಮೆ ಬೇಡಿ, ಮೆಲ್ಲಗೆ ಕೇಳಿದರು.

"ಭೀಮಾ-ಸಾನ್, ಸುಮಿಮಾಸೆನ್. ನಮ್ಮ ಶೂಗಳು ಮುಂದೆ ಎಲ್ಲಾದರೂ ಸಿಗುತ್ತವೆಯೇ?"

"ಹೈ," ಎಂದರು ಇವರು.

ವಾರಕ್ಕೊಮ್ಮೆ ವಾರ್ಡ್ ಆಫೀಸಿನ ಜಪಾನೀ ಕ್ಲಾಸಿಗೆ ಹೋಗುವ ನನಗೆ ಆ ಪ್ರಶ್ನೆ ಅರ್ಥವಾಯಿತು. 

"ರೀ, ಅವರು ಶೂ ಕೇಳ್ತಿದಾರೆ! ಕೋತಿ ಹತ್ರ ಬಿಟ್ಟಿದೀರಿ! ನಾವೆಲ್ಲಾ ನಾಯಿ ಕಡೆ ಇಳಿದಿದೀವಿ!"

ಇವರು ಬಗ್ಗಿ ತಮ್ಮ ಕಾಲು ನೋಡಿಕೊಂಡರು. ಇಂಗು ತಿಂದ ಮಂಗ ಎನ್ನುತ್ತಾರಲ್ಲ, ಆ ಮುಖವನ್ನು ನಾನು ಅಂದು ಮೊದಲ ಸಲ ಕಣ್ಣಾರೆ ಕಂಡೆ.

ಛತ್ರಿ ಹಿಡಿದುಕೊಂಡೇ ಓಡಿದರು. ಬಾವುಟ ಓಡಿದರೆ ಹಿಂಬಾಲಿಸಬೇಕು, ಹಾಗಾಗಿ ಹನ್ನೆರಡು ಜನವೂ ಓಡಿದರು. ಬೀದಿಯವರೆಲ್ಲ ಫೋನು ಹಿಡಿದು ಹೊರಗೆ ಬಂದರು. ಸೇತುವೆ ದಾಟಿ ಕೋತಿ ತುದಿಗೆ ಬಂದು ನೋಡಿದರೆ ನೆಲದ ಮೇಲೆ ಒಂದೇ ಒಂದು ಶೂ ಕೂಡ ಇಲ್ಲ. ಶೂ ಎಲ್ಲ ಒಂದು ತಳ್ಳುಗಾಡಿಯ ಮೇಲೆ ರಾಶಿ ಬಿದ್ದಿದ್ದವು. ಪಕ್ಕದಲ್ಲಿ ಸಮವಸ್ತ್ರ ಹಾಕಿದ ಒಬ್ಬ ಮನುಷ್ಯ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದ.

ಅವನದೇನೂ ತಪ್ಪಿಲ್ಲ. ನೀವೇ ಹೇಳಿ, ಸ್ಮಾರಕದ ಬಾಗಿಲಲ್ಲಿ ಗಂಡಸರದು, ಹೆಂಗಸರದು, ಎಲ್ಲಾ ಅಳತೆಯ ಶೂಗಳು, ಹೊಳೆಯುವಂಥವು, ಮೂತಿ ಗಿರಾಕಿಯ ಕಡೆ ಮಾಡಿ, ಕಾಲುಚೀಲದ ಸಮೇತ ಸಾಲಾಗಿ ಜೋಡಿಸಿಟ್ಟಿದ್ದರೆ ನೀವಾದರೂ ಏನು ತಿಳಿಯುತ್ತಿದ್ದಿರಿ? ಯಾವನೋ ಫುಟ್‌ಪಾತ್ ವ್ಯಾಪಾರಿ ಅಂಗಡಿ ಹಾಸಿದ್ದಾನೆ ಎಂದೇ ತಾನೇ?

"ಯುವರ್ ಶಾಪ್?" ಎಂದು ಗುಡುಗಿದ.

ನಮ್ಮವರು ಗಾಬರಿಯಲ್ಲಿ ತಲೆಯನ್ನು ಅತ್ತ ಇತ್ತ, ನಾವು ಆಡಿಸುವ ಹಾಗೆ ಆಡಿಸಿ, "ಹೈ" ಎಂದರು.

"ಲೈಸೆನ್ಸ್?"

ಪರ್ಸಿನಿಂದ ಜಪಾನಿನ ವಾಸದ ಕಾರ್ಡು ತೆಗೆದು ಕೊಟ್ಟರು. ಅವನು ಅದನ್ನು ತಿರುಗಿಸಿ ಮುರುಗಿಸಿ ನೋಡಿ, ಛತ್ರಿಯ ಮೇಲಿನ ರವಿಕೆಯನ್ನು ನೋಡಿ, "ಕ್ಲೋತ್ಸ್ ಆಲ್ಸೋ ಸೆಲ್?" ಎಂದ. ಹಿಂದಿನಿಂದ ಫ್ರೆಂಚ್ ಗಂಡಸು ಬಂದು ಗಾಡಿಯ ಮೇಲೆ ತನ್ನ ಶೂ ಕಂಡು ಕೂಗಾಡತೊಡಗಿದ. ಮಾರಿದವನ ಹತ್ತಿರ ಜಗಳಕ್ಕೆ ಬಂದ ಗಿರಾಕಿ ಎಂದುಕೊಂಡು ಸಮವಸ್ತ್ರದವನು ನಮ್ಮವರ ತೋಳು ಹಿಡಿದ. ನನಗೆ ಕಾಂಟ್ರಾಕ್ಟ್ ಹಾಳಾಗಲಿ, ಗಂಡ ಸಿಕ್ಕರೆ ಸಾಕು ಎನ್ನಿಸಿತು. ಅಮೂಲ್ಯಳ ಮುಚ್ಚಿದ ಬಾಗಿಲು ಕಣ್ಣೆದುರು ಬಂದು ಅಳುವೇ ಬಂತು.

ಆಗ ಹಸೆಗಾವಾ-ಸಾನ್ ಮುಂದೆ ಬಂದರು. ಸಮವಸ್ತ್ರದವನ ಎದುರು ನೆಟ್ಟಗೆ ನಿಂತು, ಕೈಗಳನ್ನು ತೊಡೆಗೆ ಒತ್ತಿ, ಸೊಂಟದವರೆಗೆ ಬಗ್ಗಿದರು. ಹಿಂದೆ ಹನ್ನೊಂದು ಜನ ಸಾಲಾಗಿ ನಿಂತು ಒಟ್ಟಿಗೆ ಬಗ್ಗಿದರು. ಜಪಾನಿನಲ್ಲಿ ಕಂಪನಿ ತಪ್ಪು ಮಾಡಿದರೆ ದೊಡ್ಡವರೆಲ್ಲ ಟೀವಿ ಮುಂದೆ ಬಗ್ಗುತ್ತಾರಲ್ಲ, ಹಾಗೆ. ಏಳಲೇ ಇಲ್ಲ. ಕೊರಿಯಾದವರೂ ಬಗ್ಗಿದರು. ಸಮವಸ್ತ್ರದವನು ಇವರ ತೋಳು ಬಿಟ್ಟು ಎರಡು ಹೆಜ್ಜೆ ಹಿಂದೆ ಸರಿದ. ಸುತ್ತಲೂ ಕಣ್ಣಾಡಿಸಿದವನಿಗೆ ಬಗ್ಗಿದ ಬೆನ್ನುಗಳ ಕೆಳಗೆ ಬರಿಗಾಲುಗಳು ಕಂಡವು, ಎಲ್ಲವೂ ಕೆಂಪಗೆ ಕಾದಿದ್ದವು. ಆಗ ಅವನಿಗೆ ಹೊಳೆಯಿತು. ಮೊದಲು ಅವನ ಮೀಸೆ ಅಲುಗಿತು. ಆಮೇಲೆ ಕೋತಿಯ ವಿಗ್ರಹಕ್ಕೆ ಒರಗಿಕೊಂಡು, ಹೊಟ್ಟೆ ಹಿಡಿದುಕೊಂಡು ನಕ್ಕ. ಶೂಗಳನ್ನು ತಾನೇ ಗಾಡಿಯಿಂದ ಇಳಿಸಿ, ಒಬ್ಬೊಬ್ಬರ ಕಾಲಿಗೂ ಅಳತೆ ನೋಡಿ ಕೊಟ್ಟ. ಇಷ್ಟೆಲ್ಲ ಆದ ಮೇಲೆ ಯಾರೋ ನಮ್ಮೆಲ್ಲರ ಫೋಟೋ ತೆಗೆದರು.

ಆದರೆ ಹಸೆಗಾವಾ-ಸಾನ್ ನಗಲಿಲ್ಲ. ಆ ದಿನವಿಡೀ ಏನೋ ಯೋಚನೆಯಲ್ಲಿದ್ದರು. ಸಂಜೆ ನದಿಯ ದಂಡೆಯಲ್ಲಿ ಬಣ್ಣದ ಲಾಂದ್ರಗಳು ಹತ್ತಿದವು. ಇವರು ಮೂಲೆಯ ಮೇಜಿನಲ್ಲಿ ತಲೆ ತಗ್ಗಿಸಿ ಅನ್ನ ಕಲಸುತ್ತಿದ್ದರು. ಹಸೆಗಾವಾ-ಸಾನ್ ನನ್ನ ಎದುರು ಬಂದು ಕೂತರು. ಮುಗಿಯಿತು ನಮ್ಮ ಕಥೆ ಎಂದುಕೊಂಡೆ.

"ಭೂಕಂಪದ ದಿನ ರೈಲುಗಳೆಲ್ಲ ನಿಂತಿದ್ದವು," ಎಂದರು, ನನಗೆ ಅರ್ಥವಾಗಲೆಂದು ನಿಧಾನವಾಗಿ. "ಆಫೀಸಿನಿಂದ ಇಚಿಕಾವಾದ ಮನೆಗೆ ನಡೆದೆ. ಚರ್ಮದ ಶೂ, ಹಿಮ್ಮಡಿಯೆಲ್ಲ ಗಾಯ. ಕೊನೆಗೆ ಕೈಯಲ್ಲಿ ಹಿಡಿದುಕೊಂಡು ಬರಿಗಾಲಲ್ಲಿ ಹೋದೆ. ರಸ್ತೆ ತುಂಬಾ ಜನ, ಒಬ್ಬರೂ ಮಾತಾಡುತ್ತಿರಲಿಲ್ಲ. ಆಮೇಲೆ ಇವತ್ತೇ ನಾನು ರಸ್ತೆಯಲ್ಲಿ ಬರಿಗಾಲಿಟ್ಟದ್ದು."

ನಾನು ಸುಮಿಮಾಸೆನ್ ಅಂದೆ.  ಅವರು ತಲೆಯಾಡಿಸಿ ಎದ್ದು ಹೋದರು.

ಫುನಾಬೊರಿಗೆ ಬಂದೆವು. ಕಮಲಕ್ಕ ಬಾಗಿಲಲ್ಲೇ ರವಿಕೆ ಬಿಡಿಸಿ ನೋಡಿದರು. ಬಿಸಿಲಿಗೆ ಒಂದು ಪಕ್ಕ ಬಿಳಿಚಿತ್ತು, ಬೆನ್ನಿಗೆ ಛತ್ರಿಯ ತೂತು.

"ಏನಮ್ಮ ಇದು, ಯಾವ ಯುದ್ಧಕ್ಕೆ ತಗೊಂಡ್ ಹೋಗಿದ್ರಿ? ನನ್ನ ನಾಲ್ಕು ರವಿಕೆ ಎಲ್ಲಿ?"

ನಾನು ಹೊಸದು ಹೊಲಿಸಿಕೊಡುತ್ತೇನೆಂದು ಕೈಮುಗಿದೆ. ಇವರು ಆಫೀಸಿನಿಂದ ದಿನಾ ಬಂದು ಒಂದೇ ವರದಿ ಕೊಡುತ್ತಿದ್ದರು. ಹಸೆಗಾವಾ-ಸಾನ್ ಮಾತಾಡ್ಲಿಲ್ಲ. ಇವತ್ತೂ ಮಾತಾಡ್ಲಿಲ್ಲ. ಬರಿಗಾಲಿನ ಫೋಟೋ ದೊಡ್ಡದು ಮಾಡಿಸಿ ಗೋಡೆಗೆ ಹಾಕಿದಾರೆ, ಯಾಕೋ ಗೊತ್ತಿಲ್ಲ. ನಾನು ಅಟ್ಟದಿಂದ ಸೂಟ್‌ಕೇಸು ಇಳಿಸಿ ಒರೆಸಿಟ್ಟೆ. ಅಮೂಲ್ಯ ಅದನ್ನು ನೋಡಿ ಇಡೀ ಸಂಜೆ ಕೀಬೋರ್ಡಿನಲ್ಲಿ ಒಂದೇ ಹಾಡು ನುಡಿಸಿದಳು. 

ಜೂನ್ ಎರಡನೇ ವಾರ ಇವರನ್ನು ಒಳಗೆ ಕರೆದರು. ಸಂಜೆ ಇವರು ಬಂದಾಗ ನಾನೂ ಅಮೂಲ್ಯಳೂ ಬಾಗಿಲಲ್ಲೇ ನಿಂತಿದ್ದೆವು.

"ಏನಂದ್ರು?"

"ನಾನೇ ಮೊದಲು ಹೇಳಿಬಿಟ್ಟೆ ಕಣೇ. ನಾನು ಹೋಯ್ ಆನ್ ಯಾವತ್ತೂ ನೋಡಿರ್ಲಿಲ್ಲ, ನೀವು ಹೇಳಿದ್ದು ಅರ್ಥ ಆಗ್ದೆ ಹೈ ಅಂದೆ ಅಂತ. ಇಂಗ್ಲಿಷಲ್ಲೇ ಹೇಳ್ದೆ."

"ಅಯ್ಯೋ! ಆಮೇಲೆ?"

"ಗೊತ್ತು ಅಂದ್ರು. ಆವತ್ತೇ ಗೊತ್ತಾಯ್ತಂತೆ. ನಿಜ ಹೇಳಿ ಅಂತ ಕಾಯ್ತಿದ್ರಂತೆ. ಆವತ್ತು ರಾತ್ರಿ ಹೋಟೆಲ್ ರೂಮಲ್ಲಿ ನೆನೆಸ್ಕೊಂಡು ನೆನೆಸ್ಕೊಂಡು ನಕ್ಕಿದಾರಂತೆ, ಅಷ್ಟು ನಕ್ಕು ಏಳು ವರ್ಷ ಆಗಿತ್ತಂತೆ."

"ಕಾಂಟ್ರಾಕ್ಟ್?"

"ಅದರ ಬಗ್ಗೆ ಒಂದಕ್ಷರ ಇಲ್ಲ." ಸೋಫಾದ ಮೇಲೆ ಕುಸಿದರು. "ಮುಂದಿನ ವರ್ಷದ ಪ್ರವಾಸದ್ದೇ ಮಾತು. ಈ ಸಲ ಭಾರತಕ್ಕೆ ಹೋಗೋಣ, ಭೀಮಾ-ಸಾನ್ ಸ್ವಂತ ರಾಜ್ಯಕ್ಕೇ ಹೋಗೋಣ, ನೀವೇ ಗೈಡು, ಈ ಸಲ ತೊಂದ್ರೆ ಇರಲ್ಲ ಅಲ್ವಾ, ಅಂತ ಅದೇ ಮಾತು. ನಮ್ಮ ಗತಿ ಏನು ಅಂತ ಮಾತ್ರ ಹೇಳ್ಲಿಲ್ಲ ಕಣೇ."

ನಾನೂ ಅಮೂಲ್ಯಳೂ ಮುಖ ನೋಡಿಕೊಂಡೆವು. ಅವಳಿಗೆ ನನಗಿಂತ ಒಂದು ಕ್ಷಣ ಮೊದಲು ಹೊಳೆಯಿತು. "ಮುಂದಿನ ವರ್ಷನಾ ಅಪ್ಪಾ? ಮುಂದಿನ ವರ್ಷನಾ?" ಎಂದು ಕಿರುಚಿ, ಸೂಟ್‌ಕೇಸನ್ನು ಕಾಲಲ್ಲಿ ಒದ್ದು, ಪಿಯಾನೋ ಪುಸ್ತಕ ಎತ್ತಿಕೊಂಡು ಕುಣಿದಳು. ನಾನು ಅಲ್ಲೇ ನೆಲದ ಮೇಲೆ ಕೂತು ಅತ್ತೆ. ಇವರಿಗೆ ಅರ್ಥವಾಗಲು ಇನ್ನೂ ಸ್ವಲ್ಪ ಹೊತ್ತು ಹಿಡಿಯಿತು.

ಪಾಯಸ ಕುಡಿದ ಮೇಲೆ ಕೇಳಿದೆ, "ನಮ್ಮ ರಾಜ್ಯದಲ್ಲಿ ಎಲ್ಲಿಗೆ ಅಂದ್ರು?"

"ಹಂಪಿಗೆ."

"ನೀವು ಹಂಪಿ ನೋಡಿದೀರಾ ಅಂತ ಕೇಳ್ಲಿಲ್ವಾ?"

"ಕೇಳಿದ್ರು."

"ಏನಂದ್ರಿ?"

ಇವರು ಲೋಟದ ತಳದ ಗೋಡಂಬಿಯನ್ನು ಬೆರಳಲ್ಲಿ ಎತ್ತುತ್ತಾ ನನ್ನ ಕಡೆ ನೋಡಲಿಲ್ಲ. ಮೈಸೂರಿನಲ್ಲಿ ಹುಟ್ಟಿ ಬೆಳೆದ ನಮ್ಮ ಮನೆಯವರು ಹಂಪಿಯನ್ನು ನೋಡಿದ್ದು ಹೊಸ ಐವತ್ತು ರೂಪಾಯಿ ನೋಟಿನ ಹಿಂಬದಿಯಲ್ಲಿ ಮಾತ್ರ. ನಾನು ಎದ್ದು ಹೋಗಿ ಫ್ರಿಜ್ಜಿಗೂ ವಾಷಿಂಗ್ ಮಷೀನಿಗೂ ನಡುವೆ ಇದ್ದ ಬಕೆಟ್ಟು ತೆಗೆದು ಜಾಗ ಮಾಡಿದೆ.